ಪಾರ್ಶ್ವವಾಯುವಿನ ನಂತರ ಪೋಷಕ ಕೋಶಗಳ ಪಾತ್ರ

ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ಮೊದಲು ಸಾಯುವುದು ನರಕೋಶಗಳು. ಅವುಗಳ ನಡುವೆ ಕವಲುಗಳನ್ನು ಚಾಚಿಕೊಂಡಿರುವ ಆಸ್ಟ್ರೋಸೈಟ್ ಎಂಬ ನಕ್ಷತ್ರಾಕಾರದ ಪೋಷಕ ಕೋಶಗಳು ಇನ್ನಷ್ಟು ಹೊತ್ತು ತಾಳುತ್ತವೆ. ಇವು ನರಕೋಶಗಳಂತೆ ವಿದ್ಯುತ್ ಸಂಕೇತ ಹೊಮ್ಮಿಸುವುದಿಲ್ಲ. ಹಾಗಾಗಿ ಬಹುಕಾಲ ಇವನ್ನು ಬರೀ ಆಧಾರವೆಂದೇ ಎಣಿಸಲಾಗಿತ್ತು. ಇವುಗಳ ಚಟುವಟಿಕೆ ಕಾಣುವುದು ಕೋಶದೊಳಗಿನ ಕ್ಯಾಲ್ಸಿಯಂ ಏರಿಳಿತದಲ್ಲಿ. ಕ್ಯಾಲ್ಸಿಯಂ ಏರಿದಾಗ ಹೊಳೆಯುವ ಬಣ್ಣಗಳು ಬಂದ ಮೇಲೆ, ಇಲಿಯ ಮೀಸೆ ಅಲ್ಲಾಡಿಸಿದರೂ ಇವು ಸ್ಪಂದಿಸುವುದು ಕಣ್ಣಿಗೆ ಬಿತ್ತು.

ಬಲಗೈಯ ಸ್ಪರ್ಶವನ್ನು ಗ್ರಹಿಸುವುದು ಮುಖ್ಯವಾಗಿ ಎಡ ಮಿದುಳು, ಎಡಗೈಯದನ್ನು ಬಲ ಮಿದುಳು. ಒಂದು ಬದಿ ಹಾಳಾದರೆ ಇನ್ನೊಂದು ಬದಿ ಆ ಕೆಲಸವನ್ನು ಸ್ವಲ್ಪಮಟ್ಟಿಗೆ ವಹಿಸಿಕೊಳ್ಳಬಲ್ಲದು. ಇದರಲ್ಲಿ ಆಸ್ಟ್ರೋಸೈಟ್‌ಗಳಿಗೂ ಪಾಲುಂಟೆಂದು ಜಪಾನಿನ ಸಂಶೋಧಕರು 2013ರಲ್ಲಿ ಇಲಿಗಳಲ್ಲಿ ತೋರಿಸಿದರು. ಪಾರ್ಶ್ವವಾಯುವಾದ ಮೊದಲ ವಾರ, ಪೀಡಿತ ಕಾಲನ್ನು ಪ್ರಚೋದಿಸಿದಾಗ ಹಾನಿಯಾಗದ ಬದಿಯ ಆಸ್ಟ್ರೋಸೈಟ್‌ಗಳು ಹೆಚ್ಚಿನ ಸಂಖ್ಯೆಯಲ್ಲಿ ಸ್ಪಂದಿಸಿದವು. ಜೊತೆಗೆ ಅಲ್ಲಿ ಗ್ಲುಟಮೈನ್ ಮಟ್ಟವೂ ಏರಿತು. ನರಕೋಶಗಳು ಸುರಿಸಿದ ಗ್ಲುಟಮೇಟನ್ನು ಹೀರಿ ಗ್ಲುಟಮೈನ್ ಆಗಿಸುವುದು ಆಸ್ಟ್ರೋಸೈಟ್‌ಗಳ ಕೆಲಸ. ಗ್ಲುಟಮೇಟ್ ಮಿತಿಮೀರಿ ಉಳಿದರೆ ನರಕೋಶಗಳಿಗೆ ಅದೇ ವಿಷ. ಈ ಹೀರುವಿಕೆಯನ್ನು ಔಷಧದಿಂದ ತಡೆದಾಗ ಇಲಿಗಳ ಚೇತರಿಕೆಯೂ ಕೆಟ್ಟಿತು. ಇಡೀ ಪ್ರಯೋಗದ ತೂಕವಿರುವುದು ಈ ಕೊನೆಯ ಫಲಿತಾಂಶದಲ್ಲೇ.

ಆದರೆ ಪ್ರಚೋದನೆ ಯಾವಾಗಲೂ ಒಳ್ಳೆಯದಲ್ಲ. ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ, ರಕ್ತನಾಳ ಮುಚ್ಚಿದ ಎರಡು ಗಂಟೆಯೊಳಗೆ ಮೀಸೆಯನ್ನು ಪ್ರಚೋದಿಸಿದ ಇಲಿಗಳ ಮಿದುಳು ಉಳಿಯಿತು. ಮೂರು ಗಂಟೆ ಕಳೆದ ಮೇಲೆ ಅದೇ ಪ್ರಚೋದನೆ ಹಾನಿಯನ್ನು ಹೆಚ್ಚಿಸಿತು. ಮನುಷ್ಯರಿಗೆ ಆ ಲೆಕ್ಕ ಹಾಗೇ ಅನ್ವಯಿಸದು. ಕೋಲಾರದ ಕಡೆಯಿಂದ ಹಳೆ ಮದ್ರಾಸ್ ರಸ್ತೆಯಲ್ಲಿ ಬಂದು ಟಿನ್ ಫ್ಯಾಕ್ಟರಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಆಂಬುಲೆನ್ಸ್‌ನೊಳಗೆ ರೋಗಿಯ ಕೈಕಾಲು ತಿಕ್ಕುವುದು ಚಿಕಿತ್ಸೆಯಲ್ಲ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುಂಚೆ ಸಿಟಿ ಸ್ಕ್ಯಾನ್ ಮಾಡಿ, ಮಿದುಳಿನಲ್ಲಿ ರಕ್ತಸ್ರಾವ ಆಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಸ್ಪರ್ಶ, ಚಲನೆಗಳ ಸರದಿ ಬರುವುದು ರೋಗಿಯ ಸ್ಥಿತಿ ಹದಕ್ಕೆ ಬಂದ ಮೇಲೆ, ಫಿಸಿಯೋಥೆರಪಿಯಲ್ಲಿ. ಅದರಿಂದ ಆಗುವ ಚೇತರಿಕೆಯಲ್ಲಿ ಆಸ್ಟ್ರೋಸೈಟ್‌ಗಳ ಪಾಲೆಷ್ಟೆಂದು ರೋಗಿಗಳಲ್ಲಿ ನೇರವಾಗಿ ಅಳೆಯಲು ದಾರಿಯಿಲ್ಲ. ಇಲಿಯಲ್ಲಿ ಮಾಡುವಂತೆ ತಲೆಬುರುಡೆಯಲ್ಲಿ ಕಿಂಡಿ ತೆರೆದು, ಕೋಶಗಳಿಗೆ ಬಣ್ಣ ತುಂಬಿ ನೋಡುವುದು ಮನುಷ್ಯರಲ್ಲಿ ಸಾಧ್ಯವಾಗುವ ಮಾತಲ್ಲ.