ತೊಗರಿಗೂ ಗಾಂಜಾಕ್ಕೂ ಒಂದೇ ಗಡಿಯಾರ

ಕಲಬುರಗಿ ಬಿಟ್ಟು ಹುಮನಾಬಾದ್ ದಾರಿ ಹಿಡಿದರೆ ಕಮಲಾಪುರದವರೆಗೂ ಕಣ್ಣಿಗೆ ಬೀಳುವುದು ಹೆಚ್ಚಾಗಿ ತೊಗರಿ. ಜೂನ್‌ನಲ್ಲಿ ಮಳೆ ಬಿದ್ದೊಡನೆ ಬಿತ್ತಿದ ಹೊಲದಲ್ಲಿ ಗಿಡ ಆಳೆತ್ತರಕ್ಕೆ ಬಂದಿರುತ್ತದೆ. ಮಳೆ ಕೈಕೊಟ್ಟು ಆಗಸ್ಟ್ ಕಳೆದ ಮೇಲೆ ಬಿತ್ತಿದ ಪಕ್ಕದ ಹೊಲದಲ್ಲಿ ಅದೇ ತಳಿ, ಅದೇ ಕರಿಮಣ್ಣು, ಅದೇ ಗೊಬ್ಬರ. ಗಿಡ ಮಾತ್ರ ಸೊಂಟದ ಮಟ್ಟಕ್ಕೇ ನಿಂತು ಹೂ ಬಿಡಲು ಶುರು ಮಾಡಿರುತ್ತದೆ. ಬಿತ್ತನೆಯಲ್ಲಿ ಎರಡು ತಿಂಗಳಿಗೂ ಹೆಚ್ಚು ಅಂತರವಿದ್ದರೂ ಹೂವಿನಲ್ಲಿ ಅಷ್ಟು ಅಂತರ ಉಳಿಯುವುದಿಲ್ಲ. 'ತಡಾ ಬಿತ್ತಿದ್ರ ತೊಗರಿ ಬೆಳಿಯಂಗಿಲ್ಲ' ಎಂದು ಇಲ್ಲಿನ ರೈತರು ಮೊದಲಿನಿಂದಲೂ ಹೇಳುತ್ತಾರೆ. ಅದಕ್ಕಾಗಿಯೇ ಹಿಂಗಾರಿ ತೊಗರಿಯನ್ನು ಸಾಲು ಹತ್ತಿರ ಮಾಡಿ, ಬೀಜ ಹೆಚ್ಚು ಹಾಕಿ ಬಿತ್ತುತ್ತಾರೆ.

ಇದೇ ತೊಗರಿಯ ಸಾಲಿನ ನಡುವೆ ಇನ್ನೊಂದು ಗಿಡ ಸಿಕ್ಕಿತೆಂಬ ಸುದ್ದಿಯೂ ಈ ಭಾಗದ ಪತ್ರಿಕೆಗಳಿಗೆ ಹೊಸದಲ್ಲ. ಅಬಕಾರಿಯವರು, ಪೊಲೀಸರು ಹೊಲಕ್ಕೆ ನುಗ್ಗಿ ಗಾಂಜಾ ಗಿಡ ಕಿತ್ತು ತಂದು, ಅದರ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ತೊಗರಿ ಎತ್ತರದ ಗಿಡ, ಮರೆಯಾಗುತ್ತದೆ ಎಂಬುದು ಬಚ್ಚಿಡುವವರ ಲೆಕ್ಕ. ಅವರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ: ಆ ಎರಡೂ ಗಿಡಗಳು ಹೂ ಬಿಡುವ ಕಾಲವನ್ನು ಒಂದೇ ಬಗೆಯಲ್ಲಿ ಗೊತ್ತು ಮಾಡಿಕೊಳ್ಳುತ್ತವೆ. ಇರುಳು ಉದ್ದವಾಗುತ್ತ ಹೋದಂತೆ ಎಲೆಯ ಕೆಲಸ ಮುಗಿಸಿ ಹೂವಿಗೆ ತಿರುಗುತ್ತವೆ. ಈ ಗುಟ್ಟು ಬಯಲಾದದ್ದರಲ್ಲೂ ಗಾಂಜಾ ಗಿಡದ ಪಾಲಿದೆ. ಅದು ನಡೆದದ್ದು ಪ್ಯಾರಿಸ್‌ನಲ್ಲಿ.

ಜೂಲಿಯನ್ ಟೂರ್ನ್ವಾ ಎಂಬ ಯುವ ಸಸ್ಯವಿಜ್ಞಾನಿ 1910ರ ಸುಮಾರಿಗೆ ಅಲ್ಲಿ ಹಾಪ್ ಬಳ್ಳಿಯ ಹೂವಿನ ಬಗ್ಗೆ ಕೆಲಸ ಮಾಡುತ್ತಿದ್ದ. ಬಿಯರಿಗೆ ಕಹಿ ಕೊಡುವ ಹಾಪ್‌ನ ಜಪಾನಿ ದಾಯಾದಿ ಅದು. ಗಾಂಜಾ ಕೂಡ ಅದೇ ಕುಟುಂಬದ ಗಿಡ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಬಿತ್ತಿದ ಬೀಜಗಳು ಮೊಳೆತು, ನಾಲ್ಕೆಲೆ ಬರುವಷ್ಟರಲ್ಲೇ ಹೂ ಬಿಟ್ಟವು. ವಸಂತದಲ್ಲಿ ಬಿತ್ತಿದ್ದರೆ ಅವೇ ಗಿಡಗಳು ತಿಂಗಳುಗಟ್ಟಲೆ ಬೆಳೆದ ಮೇಲೆ ಹೂ ಬಿಡಬೇಕಿತ್ತು. ಶಾಖ, ತೇವ, ಮಣ್ಣು ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿ ಬದಿಗಿಟ್ಟ. ಉಳಿದದ್ದು ಬೆಳಕು. ಗಿಡಗಳಿಗೆ ದಿನಕ್ಕೆ ಆರು ತಾಸು ಮಾತ್ರ ಬೆಳಕು ಕೊಟ್ಟು ನೋಡಿದ; ಹಾಪ್, ಗಾಂಜಾ ಎರಡೂ ಅಕಾಲದಲ್ಲಿ ಹೂವಾದವು. 1912ರಲ್ಲಿ ಇದನ್ನು ಪ್ರಕಟಿಸಿದ. 1914ರ ಬರಹದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಗಲು ಗಿಡ್ಡವಾದದ್ದಕ್ಕಿಂತ ಇರುಳು ಉದ್ದವಾದದ್ದೇ ಇದಕ್ಕೆ ಕಾರಣ ಎಂದ. ಅದೇ ವರ್ಷ ಮಹಾಯುದ್ಧ ಶುರುವಾಯಿತು. ಟೂರ್ನ್ವಾ ಯುದ್ಧಕ್ಕೆ ಹೋದ, ಅಲ್ಲೇ ಸತ್ತ. ಅವನ ಮಾತು ಸರಿಯೆಂದು ಜಗತ್ತು ಒಪ್ಪಲು ಮುಂದೆ ಕಾಲು ಶತಮಾನ ಬೇಕಾಯಿತು.

ಹೆಸರು ಹೋದದ್ದು ಅಮೆರಿಕದ ಇಬ್ಬರಿಗೆ. ಅದಕ್ಕೆ ಅವರು ಅರ್ಹರೂ ಹೌದು. ವಾಷಿಂಗ್ಟನ್‌ನ ಎದುರು ದಂಡೆಯಲ್ಲಿ, ಇವತ್ತು ಪೆಂಟಗನ್ ಇರುವ ಆಸುಪಾಸಿನಲ್ಲಿ, ಆಗ ಕೃಷಿ ಇಲಾಖೆಯ ಆರ್ಲಿಂಗ್ಟನ್ ಫಾರ್ಮ್ ಇತ್ತು. ಅಲ್ಲಿ ಗಾರ್ನರ್ ಮತ್ತು ಅಲಾರ್ಡ್ ಅವರಿಗೆ ಒಂದು ತಂಬಾಕಿನ ಗಿಡ ತಲೆನೋವಾಗಿತ್ತು. ಮೇರಿಲ್ಯಾಂಡ್ ಮ್ಯಾಮತ್ ಎಂದು ಕರೆಸಿಕೊಂಡ ಆ ಗಿಡ ಬೇಸಿಗೆಯಿಡೀ ಎಲೆಯ ಮೇಲೆ ಎಲೆ ಹಾಕುತ್ತ ಹತ್ತಡಿ ದಾಟಿದರೂ ಹೂ ಬಿಡುತ್ತಿರಲಿಲ್ಲ. ಹಿಮ ಬಿದ್ದು ಸಾಯುವುದರೊಳಗೆ ಬೀಜವೇ ಸಿಗುತ್ತಿರಲಿಲ್ಲ. ಬುಡಸಹಿತ ಕಿತ್ತು ಗಾಜಿನ ಮನೆಗೆ ತಂದು ನೆಟ್ಟರೆ ಡಿಸೆಂಬರ್‌ನಲ್ಲಿ ಹೂವಾಗುತ್ತಿತ್ತು. ಇನ್ನೊಂದು ಕಡೆ ಬಿಲಾಕ್ಸಿ ಎಂಬ ಸೋಯಾ ತಳಿಯನ್ನು ಕೆಲವು ವಾರಗಳ ಅಂತರದಲ್ಲಿ ಬಿತ್ತಿದರೆ, ದೊಡ್ಡದು ಚಿಕ್ಕದೆನ್ನದೆ ಎಲ್ಲವೂ ಸೆಪ್ಟೆಂಬರ್‌ನಲ್ಲಿ ಒಟ್ಟಿಗೆ ಹೂ ಬಿಡುತ್ತಿದ್ದವು. ನಮ್ಮ ತೊಗರಿಯ ಕತೆಯೇ ಅದು.

1918ರ ಜುಲೈ 10ರಂದು ಅವರು ಹೊಲದಲ್ಲಿ ನಾಯಿಗೂಡಿಗಿಂತ ಸ್ವಲ್ಪ ದೊಡ್ಡದಾದ, ಕಿಟಕಿಯಿಲ್ಲದ ಒಂದು ಕಟ್ಟಿಗೆಯ ಗೂಡು ನಿಲ್ಲಿಸಿ, ಸಂಜೆ ನಾಲ್ಕಕ್ಕೆ ಕುಂಡಗಳನ್ನು ಅದರೊಳಗೆ ತಳ್ಳಿ ಬಾಗಿಲು ಹಾಕಿದರು. ಮರುದಿನ ಬೆಳಗ್ಗೆ ಒಂಬತ್ತಕ್ಕೆ ಹೊರಗೆ ತಂದರು. ದಿನವೂ ಇದೇ ಕೆಲಸ. ನಡುಬೇಸಿಗೆಯಲ್ಲಿ, ಹೊರಗಿನ ಗಿಡಗಳು ಎಲೆ ಹಾಕುತ್ತಲೇ ಇದ್ದಾಗ, ಗೂಡಿನ ತಂಬಾಕೂ ಸೋಯಾವೂ ಹೂ ಬಿಟ್ಟವು. ಉಪಕರಣ ಎಂದರೆ ಒಂದು ಕತ್ತಲೆ ಪೆಟ್ಟಿಗೆ, ಒಂದು ಗಡಿಯಾರ, ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆದು ಹಾಕುವ ಒಬ್ಬ ಆಳು. 1920ರಲ್ಲಿ ಅವರ ಲೇಖನ ಬಂದಾಗ ಸಸ್ಯಶಾಸ್ತ್ರದ ದಿಕ್ಕೇ ಬದಲಾಯಿತು. ಆದರೆ ಹಗಲಿನ ಉದ್ದವೇ ಮುಖ್ಯ ಎಂದು ಅವರು ನಂಬಿದ್ದರಿಂದ, ಗಿಡಗಳನ್ನು 'ಗಿಡ್ಡ ಹಗಲಿನವು', 'ಉದ್ದ ಹಗಲಿನವು' ಎಂದೇ ಇವತ್ತಿಗೂ ಪಾಠ ಮಾಡುತ್ತೇವೆ.

ಆ ನಂಬಿಕೆ ಮುರಿದದ್ದು 1938ರಲ್ಲಿ. ಹ್ಯಾಮ್ನರ್ ಮತ್ತು ಬಾನರ್ ಎಂಬವರು ಕ್ಸಾಂಥಿಯಂ ಕಳೆಯ ಮೇಲೆ ಪ್ರಯೋಗ ಮಾಡಿದರು. ದನದ ಮೈಗೂ ಪಂಚೆಯ ಅಂಚಿಗೂ ಅಂಟುವ ಮುಳ್ಳುಕಾಯಿಯ ಗಿಡ ಅದು, ನಮ್ಮ ಬದುಗಳ ಮೇಲೂ ಇದೆ. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲು ಮಾಡಿದರೆ ಗಿಡ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಉದ್ದನೆಯ ಇರುಳಿನ ನಡುವೆ ಒಂದೇ ಗಳಿಗೆ ದೀಪ ಹಚ್ಚಿ ಆರಿಸಿದರೆ ಹೂವೇ ನಿಂತುಹೋಯಿತು. ಗಿಡ ಎಣಿಸುತ್ತಿದ್ದದ್ದು ಕತ್ತಲೆಯನ್ನು. ಅದೂ ತುಂಡಾಗದ ಕತ್ತಲೆಯನ್ನು. ಬೀದಿ ದೀಪದ ಬುಡದಲ್ಲಿನ ಸೋಯಾ, ಸುತ್ತಲಿನ ಹೊಲವೆಲ್ಲ ಒಣಗಿ ಕೊಯ್ಲಿಗೆ ಬಂದರೂ ಹಸಿರಾಗಿಯೇ ನಿಲ್ಲುವುದು ಇದರಿಂದಲೇ.

ಯಾವ ಬಣ್ಣದ ದೀಪ ಇರುಳನ್ನು ಮುರಿಯುತ್ತದೆ? ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬೋರ್ಥ್‌ವಿಕ್ ಮತ್ತು ಹೆಂಡ್ರಿಕ್ಸ್ ಕೋಣೆಯ ಗೋಡೆಯುದ್ದಕ್ಕೂ ಕಾಮನಬಿಲ್ಲಿನಂತೆ ಬೆಳಕನ್ನು ಹರಡಿ, ಒಂದೊಂದು ಬಣ್ಣಕ್ಕೆ ಒಂದೊಂದು ಸೋಯಾ ಎಲೆ ಒಡ್ಡಿ ನೋಡಿದರು. ಕೆಂಪು ಎಲ್ಲಕ್ಕಿಂತ ಬಲವಾಗಿತ್ತು. 1952ರಲ್ಲಿ ಲೆಟ್ಯೂಸ್ ಬೀಜದ ಮೇಲೆ ನಡೆಸಿದ ಪ್ರಯೋಗ ಇನ್ನೂ ಸೊಗಸಾದದ್ದು. ಕೆಂಪು ಬೆಳಕು ತೋರಿಸಿದರೆ ಬೀಜ ಮೊಳೆಯುತ್ತದೆ; ಆಮೇಲೆ ಕಣ್ಣಿಗೆ ಕಾಣಿಸೀತೋ ಇಲ್ಲವೋ ಎಂಬಂಥ ಕಡುಗೆಂಪು ತೋರಿಸಿದರೆ ಮೊಳೆಯುವುದಿಲ್ಲ. ಕೆಂಪು, ಕಡುಗೆಂಪು, ಮತ್ತೆ ಕೆಂಪು ಎಂದು ಎಷ್ಟು ಸಲ ಬದಲಿಸಿದರೂ ಬೀಜ ಕೇಳುವುದು ಕೊನೆಯದರ ಮಾತು. ಎಲೆಯೊಳಗೆ ಎರಡು ರೂಪಗಳ ನಡುವೆ ಹೊರಳುವ ಒಂದು ವರ್ಣದ್ರವ್ಯ ಇರಬೇಕೆಂದು ಅವರು ಊಹಿಸಿದರು. ಅದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಅದು ಇರುವುದು ಅವರ ಕಲ್ಪನೆಯಲ್ಲಿ ಮಾತ್ರ ಎಂದು ಉಳಿದವರು ತಮಾಷೆ ಮಾಡುತ್ತಿದ್ದರು. 1959ರಲ್ಲಿ ಅದು ಉಪಕರಣಕ್ಕೆ ಸಿಕ್ಕಿಬಿತ್ತು. ಫೈಟೋಕ್ರೋಮ್ ಎಂಬುದು ಅದೇ.

ಇದು ಹೂವಿನ ವಿಷಯವಾಯಿತು. ಗಿಡದ ಹೊಟ್ಟೆಪಾಡಿನ ಬೆಳಕು ಬೇರೆ. 1882ರಲ್ಲೇ ಜರ್ಮನಿಯ ಎಂಗಲ್‌ಮನ್ ಸೂಕ್ಷ್ಮದರ್ಶಕದ ಕೆಳಗೆ ಒಂದು ಪಾಚಿಯ ಎಳೆ ಇಟ್ಟು, ಅದರ ಮೇಲೆ ಪಟ್ಟಕದಿಂದ ಬಣ್ಣಗಳನ್ನು ಬಿಡಿಸಿ ಹಾಯಿಸಿದ್ದ. ಪ್ರಾಣವಾಯು ಇದ್ದಲ್ಲಿಗೆ ಧಾವಿಸುವ ಬ್ಯಾಕ್ಟೀರಿಯಾ ನೀರಿನಲ್ಲಿದ್ದವು. ಅವು ಗುಂಪುಗೂಡಿದ್ದು ಕೆಂಪು ಮತ್ತು ನೀಲಿ ಬೆಳಕು ಬಿದ್ದ ಕಡೆ. ಅಲ್ಲಿಂದ ಹುಟ್ಟಿದ ಅರ್ಧ ಸತ್ಯವೇ ಆನ್‌ಲೈನ್‌ನಲ್ಲಿ ಮಾರುವ ನೇರಳೆ ಬೆಳಕಿನ ಅಗ್ಗದ ಗ್ರೋ ಲೈಟುಗಳು. ಹಸಿರು ಬೆಳಕು ಗಿಡಕ್ಕೆ ದಂಡ ಎಂದು ಅಂಗಡಿಯವರು ಹೇಳುತ್ತಾರೆ. 1972ರಲ್ಲಿ ಟೆಕ್ಸಾಸ್‌ನ ಕೀತ್ ಮೆಕ್ರೀ 22 ಬೆಳೆಗಳ ಎಲೆಗಳನ್ನು ಬಣ್ಣ ಬಣ್ಣದ ಬೆಳಕಿನಲ್ಲಿ ಅಳೆದಾಗ ಹಸಿರೂ ಸಾಕಷ್ಟು ಕೆಲಸ ಮಾಡುತ್ತದೆಂದು ತಿಳಿಯಿತು. 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕೆಲ್ಲ ಗಿಡದ ಊಟವೇ.

ಇಷ್ಟೂ ಬಣ್ಣವನ್ನು ಒಟ್ಟಿಗೆ ಕೊಡುವುದು ಬಿಳಿ ಬೆಳಕು. ಆದರೆ ನೀಲಿ ಎಲ್‌ಇಡಿ ಇಲ್ಲದೆ ಬಿಳಿ ಎಲ್‌ಇಡಿ ಇಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬಾಹ್ಯಾಕಾಶದ ತೋಟಕ್ಕೆಂದು ಎಲ್‌ಇಡಿ ಕೆಳಗೆ ಲೆಟ್ಯೂಸ್ ಬೆಳೆಸಿ 1991ರಲ್ಲಿ ವರದಿ ಮಾಡಿದವರು ಕೆಂಪಿಗೆ ಎಲ್‌ಇಡಿ ಬಳಸಿ, ನೀಲಿಗೆ ಟ್ಯೂಬ್‌ಲೈಟ್‌ನ ಮೊರೆ ಹೋಗಿದ್ದರು. 1993ರಲ್ಲಿ ಜಪಾನಿನ ನಕಮುರಾ ಪ್ರಖರ ನೀಲಿ ಎಲ್‌ಇಡಿ ತಂದ ಮೇಲೆ ದಾರಿ ತೆರೆಯಿತು. ಆ ನೀಲಿಯ ಮೇಲೆ ಹಳದಿ ಲೇಪ ಬಳಿದರೆ ನಮ್ಮ ಅಡುಗೆಮನೆಯ ಬಿಳಿ ಬಲ್ಬು. ಆದ್ದರಿಂದ ಬಾಲ್ಕನಿಯ ಕೊತ್ತಂಬರಿಗೋ ಮೆಣಸಿನ ಸಸಿಗೋ ದೀಪ ಕೊಳ್ಳುವವರು ಡಬ್ಬಿಯ ಮೇಲಿನ ವ್ಯಾಟ್, ಲೂಮೆನ್ ನೋಡಿ ಮರುಳಾಗಬೇಡಿ. ಲೂಮೆನ್ ಎಂಬುದು ಮನುಷ್ಯನ ಕಣ್ಣಿನ ಅಳತೆ. ಎಲೆಯ ಮೇಲೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಬೆಳಕಿನ ಕಣ ಬೀಳುತ್ತದೆಂದು ಬರೆಯದ ದೀಪಕ್ಕೆ ಹೆಚ್ಚು ದುಡ್ಡು ಕೊಡುವುದು ದಂಡ. ಒಳ್ಳೆಯ ಬಿಳಿ ಎಲ್‌ಇಡಿ ಸಾಕು.

ಈ ತಿಳಿವಳಿಕೆಯನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಗಾಂಜಾಕ್ಕೆ ಬಳಸುವವರೂ ಇದ್ದಾರೆ. 2021ರಲ್ಲಿ ಬಿಡದಿ ಬಳಿಯ ಬಾಡಿಗೆ ವಿಲ್ಲಾವೊಂದರಲ್ಲಿ, 2023ರಲ್ಲಿ ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ಪೊಲೀಸರು ಅಂಥವನ್ನು ಪತ್ತೆ ಮಾಡಿದರು. ಕುಂಡ ಒಂದಿರಲಿ ಹತ್ತಿರಲಿ, 1985ರ ಎನ್‌ಡಿಪಿಎಸ್ ಕಾಯ್ದೆಯ 20ನೇ ಕಲಮಿನಂತೆ ಗಾಂಜಾ ಬೆಳೆದರೆ 10 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿವರೆಗೆ ದಂಡ. ಅವರ ವಿಷಯ ಇಷ್ಟು ಸಾಕು. ನನಗೆ ಕುತೂಹಲ ಇರುವುದು ಅದೇ ದೀಪ, ಅದೇ ಕತ್ತಲೆ ತೊಗರಿಗೆ ಏನು ಮಾಡಿತು ಎಂಬುದರಲ್ಲಿ.

ಕಲಬುರಗಿಯ ಬೇಸಿಗೆ ಹಗಲು ಹೆಚ್ಚೆಂದರೆ ಹದಿಮೂರು ತಾಸಿನ ಮೇಲೆ ಕೆಲವು ನಿಮಿಷ, ಚಳಿಗಾಲದ್ದು ಹನ್ನೊಂದರ ಮೇಲೆ ಕೆಲವು ನಿಮಿಷ. ಈ ಎರಡು ತಾಸಿನ ವ್ಯತ್ಯಾಸವನ್ನೇ ಹಿಡಿದು ತೊಗರಿ ತನ್ನ ವರ್ಷವನ್ನು ನಡೆಸುತ್ತದೆ. ಕಮಲಾಪುರದ ಕಣಿವೆಯ ಕೆಂಬಾಳೆಗೆ ಇಂಥ ಹಂಗು ಅಷ್ಟಾಗಿ ಇಲ್ಲ. ಭೌಗೋಳಿಕ ಸೂಚಿಕೆ ಪಡೆದ ಆ ಬಾಳೆ ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡು ತನಗೆ ತೋಚಿದಾಗ ಗೊನೆ ಹಾಕುತ್ತದೆ. ತೊಗರಿಗೂ ಆ ಸೂಚಿಕೆ ಸಿಕ್ಕಿದೆ, ಆದರೆ ಅದು ವರ್ಷಕ್ಕೊಂದೇ ಬೆಳೆ. ಆದ್ದರಿಂದ ಹೊಸ ತಳಿ ಬೇಕೆಂದರೆ ಒಂದು ತಲೆಮಾರಿಗೆ ಒಂದು ವರ್ಷ. ನೆಟೆ ರೋಗ ತಡೆಯುವ, ಗೊಡ್ಡು ರೋಗ ತಾಳುವ ತಳಿಯನ್ನು ಬೆರಕೆಯಿಂದ ಬಿಡುಗಡೆಯವರೆಗೆ ತರಲು ಹದಿಮೂರು ಹದಿನಾಲ್ಕು ವರ್ಷ ಹಿಡಿಯುತ್ತಿತ್ತು. 1980ರ ದಶಕದಲ್ಲಿ ಬಂದ ಮಾರುತಿ ತಳಿ ಈ ಭಾಗವನ್ನು ನೆಟೆ ರೋಗದಿಂದ ಬಹುಕಾಲ ಕಾಯ್ದಿತು. ಆಳಂದ ರಸ್ತೆಯ ಕೃಷಿ ಸಂಶೋಧನಾ ಕೇಂದ್ರ ಟಿಎಸ್-3ಆರ್, ಜಿಆರ್‌ಜಿ-811ರಂಥವನ್ನು ಕೊಟ್ಟಿತು. ಆದರೂ 2022ರಲ್ಲಿ ಜಿಲ್ಲೆಯ ಹೊಲಗಳಲ್ಲಿ ಕಾಯಿಕಟ್ಟಿದ ತೊಗರಿ ನಿಂತಲ್ಲೇ ಒಣಗಿದ್ದನ್ನು ಯಾರೂ ಮರೆತಿಲ್ಲ. ರೋಗ ಹದಿಮೂರು ವರ್ಷ ಕಾಯುವುದಿಲ್ಲ.

2018ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನವರು ಗೋಧಿಗೆ ದಿನಕ್ಕೆ 22 ತಾಸು ದೀಪ ಹಚ್ಚಿ ವರ್ಷಕ್ಕೆ ಆರು ತಲೆಮಾರು ತೆಗೆದು ತೋರಿಸಿದ್ದರು. ಗೋಧಿ ಉದ್ದ ಹಗಲಿನ ಗಿಡ, ಹಾಗಾಗಿ ಆಯಿತು. ತೊಗರಿಗೆ ಅದನ್ನೇ ಮಾಡಿದರೆ ಮ್ಯಾಮತ್ ತಂಬಾಕಿನಂತೆ ಮಾಡು ಮುಟ್ಟೀತೇ ಹೊರತು ಹೂ ಬಿಡದು. ಕಮಲಾಪುರ, ಹುಮನಾಬಾದ್, ಜಹೀರಾಬಾದ್ ದಾಟಿ ಅದೇ ರಸ್ತೆಯಲ್ಲಿ ಹೋದರೆ ಸಿಗುವ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ಪ್ರಕಾಶ್ ಗಂಗಶೆಟ್ಟಿ ಮತ್ತು ಅವರ ಸಂಗಡಿಗರು ಬೇರೆ ದಾರಿ ಹಿಡಿದರು. ಬಿಳಿ ಎಲ್‌ಇಡಿ ಕೆಳಗೆ ಸಸಿಗೆ ಮೊದಲು 13 ತಾಸಿನ ಹಗಲು. ಮೈ ತುಂಬಿದ ಮೇಲೆ ಹಗಲನ್ನು 8 ತಾಸಿಗೆ ಇಳಿಸಿದರು, ಎಲ್ಲ ಗಿಡ ಒಟ್ಟಿಗೆ ಹೂವಾಯಿತು. ಕಾಯಿ ಹಿಡಿಯುವಾಗ ಮತ್ತೆ 13. ಕಾಯಿ ಒಣಗುವ ತನಕ ಕಾಯದೆ ಹಸಿ ಬೀಜವನ್ನೇ ಬಿಡಿಸಿ ಬಿತ್ತಿದರು. ವರ್ಷಕ್ಕೆ ಒಂದಿದ್ದ ತಲೆಮಾರು ನಾಲ್ಕರವರೆಗೆ ಹೋಯಿತು. 2024ರಲ್ಲಿ ಈ ವಿಧಾನ ಪ್ರಕಟವಾಯಿತು. ಆರ್ಲಿಂಗ್ಟನ್‌ನ ಆ ಕಟ್ಟಿಗೆ ಗೂಡಿನಲ್ಲಿ ನಡೆದದ್ದಕ್ಕೂ ಇದಕ್ಕೂ ತತ್ವದಲ್ಲಿ ಭೇದವೇನೂ ಇಲ್ಲ. ಬಾಗಿಲು ಹಾಕುವ ಆಳಿನ ಬದಲು ಟೈಮರ್ ಬಂದಿದೆ.

2025ರಲ್ಲಿ ಅದೇ ಸಂಸ್ಥೆ ಐಸಿಪಿವಿ 25444 ಎಂಬ ತೊಗರಿಯನ್ನು ಘೋಷಿಸಿತು. ಅದು ಹಗಲಿನ ಉದ್ದ ನೋಡುವುದಿಲ್ಲ, 45 ಡಿಗ್ರಿ ಬಿಸಿಲಿಗೂ ಹೆದರುವುದಿಲ್ಲ, 125 ದಿನಕ್ಕೆ ಕೊಯ್ಲಿಗೆ ಬರುತ್ತದೆ, ಕರ್ನಾಟಕದಲ್ಲೂ ಪರೀಕ್ಷೆಯಾಗಿದೆ. ಬೇಸಿಗೆ ತೊಗರಿ ಎಂದ ಕೂಡಲೇ ಹಿಗ್ಗುವ ಮೊದಲು ಒಂದು ಮಾತು: ನಮ್ಮ ತೊಗರಿ ಬಹುಪಾಲು ಮಳೆಯ ಬೆಳೆ, ಬೇಸಿಗೆ ಬೆಳೆಗೆ ನೀರು ಬೇಕು. ಬೋರು, ಬಾವಿ ಇರುವವರು ಹೊಲದ ಒಂದು ಮೂಲೆಯಲ್ಲಿ ಹಾಕಿ ನೋಡಬಹುದು. ಬೀಜಕ್ಕಾಗಿ ದಲ್ಲಾಳಿಯ ಹಿಂದೆ ಹೋಗದೆ ಆಳಂದ ರಸ್ತೆಯ ಕೇಂದ್ರದವರನ್ನು ಕೇಳಿ.