ಸಂಬಳವಿಲ್ಲದ ಊರಿನ ಪಾರುಪತ್ಯ

ಬೀದಿಯ ಗಣೇಶೋತ್ಸವವನ್ನು ನೀವು ಒಮ್ಮೆಯಾದರೂ ನಡೆಸಿದ್ದರೆ ಈ ವಿಷಯ ನಿಮಗೆ ಸುಲಭವಾಗಿ ತಿಳಿದೀತು. ಅಲ್ಲಿ ಯಾರಿಗೂ ಸಂಬಳವಿಲ್ಲ. ಯಾರೂ ಯಾರ ಆಳೂ ಅಲ್ಲ. ಆದರೂ ಚಪ್ಪರ ಏಳುವ ಹೊತ್ತಿಗೆ ಒಬ್ಬಾತ ಯಜಮಾನನಾಗಿರುತ್ತಾನೆ. ಆತನನ್ನು ಆರಿಸಿದವರು ಯಾರೆಂದು ವಿಚಾರಿಸಿದರೆ, ಹುಂಡಿಯ ಬೀಗದ ಕೈ ಅವನ ಸೊಂಟದಲ್ಲಿದೆ, ಉಳಿದವರೆಲ್ಲ ಮನೆಗೆ ಹೋದ ಮೇಲೂ ಅವನು ಅಲ್ಲೇ ಇರುತ್ತಾನೆ, ಎಂಬಷ್ಟೇ ಉತ್ತರ ದೊರೆಯುತ್ತದೆ.

ವಿಕಿಪೀಡಿಯವೆಂಬ ಅಂತರ್ಜಾಲದ ವಿಶ್ವಕೋಶದ ಕಥೆಯೂ ಇದೇ. ಬೀದಿ ಮಾತ್ರ ಬಹು ದೊಡ್ಡದು. ಅಮೆರಿಕದ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಅದನ್ನು 2001ರ ಜನವರಿ 15ರಂದು ಆರಂಭಿಸಿದರು. ಕನ್ನಡದ ಆವೃತ್ತಿ 2003ರಲ್ಲಿ ಹುಟ್ಟಿತು. ಬರೆಯುವವರಿಗೆ ಕೂಲಿಯಿಲ್ಲ. ಅವರು ತಮ್ಮೊಳಗಿಂದಲೇ ಕೆಲವರನ್ನು ‘ನಿರ್ವಾಹಕ’ರನ್ನಾಗಿ ಆರಿಸುತ್ತಾರೆ. ಪುಟವನ್ನು ಅಳಿಸುವುದು, ಬೀಗ ಹಾಕುವುದು, ಹಟಮಾರಿಯನ್ನು ಹೊರಗಿಡುವುದು, ಇವು ನಿರ್ವಾಹಕರ ಕೈಯ ಅಧಿಕಾರಗಳು.

ಹಾಗಾದರೆ ಸಾಮಾನ್ಯ ಲೇಖಕನ ಕೈಯಲ್ಲಿ ಏನಿದೆ? ಬಿಟ್ಟುಹೋಗುವ ಹಕ್ಕು ಇದೆ. ಅಲ್ಲಿಯ ಬರಹವನ್ನು ಯಾರು ಬೇಕಾದರೂ ನಕಲು ಮಾಡಿ ಬೇರೆಡೆ ಬೆಳೆಸಬಹುದೆಂದು ಅದರ ಪರವಾನಗಿಯೇ ಹೇಳುತ್ತದೆ. 2002ರ ಫೆಬ್ರವರಿಯಲ್ಲಿ ಜಾಹೀರಾತು ಬರಬಹುದೆಂಬ ಮಾತು ಕಿವಿಗೆ ಬಿದ್ದೊಡನೆ ಸ್ಪ್ಯಾನಿಷ್ ಲೇಖಕರಲ್ಲಿ ಹಲವರು ಸಿಡಿದೆದ್ದರು. ತಾವು ಬಿಟ್ಟಿ ದುಡಿದದ್ದರಿಂದ ಇನ್ನೊಬ್ಬರು ಲಾಭ ಮಾಡುವುದನ್ನು ಅವರು ಸಹಿಸಲಿಲ್ಲ. ಲೇಖನಗಳನ್ನು ಗಂಟುಕಟ್ಟಿಕೊಂಡು ಸೆವಿಲ್ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ‘ಎನ್ಸಿಕ್ಲೋಪೀಡಿಯಾ ಲಿಬ್ರೆ’ ಎಂಬ ಬೇರೆ ಸಂಸಾರ ಹೂಡಿದರು. ಅದೇ ವರ್ಷ ವಿಕಿಪೀಡಿಯದ ವಿಳಾಸ ‘ಕಾಂ’ ಎಂಬ ವಾಣಿಜ್ಯದ ಬಾಲವನ್ನು ಕಳಚಿ ‘ಆರ್ಗ್’ ಆಯಿತು. 2003ರಲ್ಲಿ ಲಾಭವಿಲ್ಲದ ಪ್ರತಿಷ್ಠಾನವೊಂದು ಸ್ಥಾಪಿತವಾಯಿತು. ಈ ಬದಲಾವಣೆಗೆ ಸೆವಿಲ್‌ನ ಬಿಸಿ ತಟ್ಟಿರಲಿಲ್ಲವೆಂದರೆ ನಾನು ನಂಬಲಾರೆ.

ಸ್ಥಾಪಕರ ಅಧಿಕಾರವೂ ಹೀಗೆಯೇ ಸವೆಯಿತು. ಮೊದಮೊದಲು ಜಗಳಗಳ ಕೊನೆಯ ತೀರ್ಪು ವೇಲ್ಸರದೇ ಆಗಿತ್ತು. 2004ರಿಂದ ಇಂಗ್ಲಿಷ್ ಆವೃತ್ತಿಯಲ್ಲಿ ಪಂಚರ ಸಮಿತಿಯೊಂದು ಆ ಕೆಲಸವನ್ನು ವಹಿಸಿಕೊಂಡಿತು. 2010ರಲ್ಲಿ ಅವರು ಕೆಲವು ಚಿತ್ರಗಳನ್ನು ತಾವಾಗಿಯೇ ಅಳಿಸಿಹಾಕಿದಾಗ ಸ್ವಯಂಸೇವಕರು ತಿರುಗಿಬಿದ್ದರು. ವೇಲ್ಸ್ ತಮ್ಮ ವಿಶೇಷಾಧಿಕಾರಗಳಲ್ಲಿ ಬಹುಪಾಲನ್ನು ತಾವೇ ಬಿಟ್ಟುಕೊಟ್ಟರು.

ಆದರೆ ಎಲ್ಲ ಕಡೆಯೂ ಹೀಗೆ ಸುಸೂತ್ರವಾಗಲಿಲ್ಲ. ಕ್ರೊಯೇಷಿಯನ್ ಆವೃತ್ತಿಯಲ್ಲಿ ಒಂದು ಸಣ್ಣ ಗುಂಪು ನಿರ್ವಾಹಕ ಸ್ಥಾನಗಳನ್ನು ಹಿಡಿದುಕೊಂಡಿತು. ಉಪಾಯ ಸರಳವಾದುದು: ಎದುರಾಡಿದವನನ್ನು ಹೊರಗಿಡುವುದು. ಹೊರಗಿದ್ದವನಿಗೆ ಮತವಿಲ್ಲವಾದ್ದರಿಂದ ಬಹುಮತ ಸದಾ ಒಳಗಿದ್ದವರದೇ! ಎರಡನೆಯ ಮಹಾಯುದ್ಧದ ಕಾಲದ ಚರಿತ್ರೆಯನ್ನೇ ತಮಗೆ ಬೇಕಾದಂತೆ ತಿರುಚಿದರು. 2013ರಲ್ಲಿ ಆ ದೇಶದ ಶಿಕ್ಷಣಮಂತ್ರಿಗಳು ಅದನ್ನು ನೆಚ್ಚಬೇಡಿರೆಂದು ವಿದ್ಯಾರ್ಥಿಗಳಿಗೆ ಹೇಳಬೇಕಾಯಿತು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ಸಂಗತಿ ಮುಳ್ಳಿನಂತೆ ಚುಚ್ಚುತ್ತದೆ. ಗುಂಪಿನ ಹಿಡಿತ ನಿಜವೆಂದು ಪ್ರತಿಷ್ಠಾನದ ವರದಿ ಹೇಳಿದ್ದು 2021ರಲ್ಲಿ. ಬಿಟ್ಟುಹೋಗುವ ಹಕ್ಕು ಅಲ್ಲಿ ಏಕೆ ಸಾಲಲಿಲ್ಲ? ಬರಹವನ್ನು ಹೊತ್ತೊಯ್ಯಬಹುದು, ಪರಿಚಿತವಾದ ಹೆಸರನ್ನೂ ಅದನ್ನು ಹುಡುಕಿಕೊಂಡು ಬರುವ ಓದುಗರನ್ನೂ ಹೊತ್ತೊಯ್ಯುವಂತಿಲ್ಲ. ಸೆವಿಲ್‌ಗೆ ಹೋದವರನ್ನೂ ಹಳೆಯ ಮನೆ ಕೆಲವೇ ವರ್ಷಗಳಲ್ಲಿ ಹಿಂದೆ ಹಾಕಿತು. ನಮ್ಮಂಥ ಭಾಷೆಗಳ ಆವೃತ್ತಿಗಳಲ್ಲಿ ದುಡಿಯುವ ಕೈಗಳು ಕೆಲವೇ ಆದ್ದರಿಂದ ನೀವೂ ಇದನ್ನು ಗಮನಿಸಬೇಕು.

ಮೇಲಿನವರು ಕೈ ಹಾಕಿದರೆ ಎಲ್ಲವೂ ಸರಿಹೋಗುತ್ತದೆಂದೂ ಅಲ್ಲ. 2019ರ ಜೂನ್‌ನಲ್ಲಿ ಪ್ರತಿಷ್ಠಾನವು ಇಂಗ್ಲಿಷ್ ಆವೃತ್ತಿಯ ನಿರ್ವಾಹಕರೊಬ್ಬರನ್ನು, ಕಾರಣವನ್ನು ವಿವರವಾಗಿ ಬಹಿರಂಗಪಡಿಸದೆ, ಒಂದು ವರ್ಷ ಹೊರಗಿಟ್ಟಿತು. ಇದನ್ನು ಪ್ರತಿಭಟಿಸಿ ಇಪ್ಪತ್ತಕ್ಕೂ ಹೆಚ್ಚು ನಿರ್ವಾಹಕರು ತಮ್ಮ ಅಧಿಕಾರವನ್ನು ಕೆಳಗಿಟ್ಟರು. ಪ್ರಕರಣ ಕೊನೆಗೆ ಪಂಚರ ಮುಂದೆ ಬಂದಿತು. ಸೆಪ್ಟೆಂಬರ್‌ನಲ್ಲಿ ಅವರು ಬಹಿಷ್ಕಾರವನ್ನು ರದ್ದುಗೊಳಿಸಿದರು. ಬೀಗದ ಕೈಯನ್ನು ಮಾತ್ರ ಆತನಿಗೆ ಹಿಂದಿರುಗಿಸಲಿಲ್ಲ.