ಕೆಸರಿನೊಳಗಿನ ಸೂಜಿಗಲ್ಲು

ವಾಣಿಜ್ಯ ವಿಭಾಗದವನು ವಿಜ್ಞಾನ ಬರೆಯಲು ಹೊರಟರೆ ಗೆಳೆಯರಿಗೆ ನಗು ಬರಬಹುದು. ಬರಲಿ. ಈ ವಿಷಯ ಓದಿದ ಮೇಲೆ ಇದನ್ನು ಕನ್ನಡದಲ್ಲಿ ನಾಲ್ಕು ಜನಕ್ಕೆ ಹೇಳಲೇಬೇಕು ಅನ್ನಿಸಿತು. ಯಾಕೆ ಅನ್ನೋದನ್ನು ಕೊನೆಗೆ ಹೇಳುತ್ತೇನೆ.

1975ರಲ್ಲಿ ರಿಚರ್ಡ್ ಬ್ಲೇಕ್‌ಮೋರ್ ಎಂಬ ಅಮೆರಿಕದ ಸಂಶೋಧನಾ ವಿದ್ಯಾರ್ಥಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ವುಡ್ಸ್ ಹೋಲ್ ಎಂಬ ಕಡಲತೀರದ ಊರಿನ ಕೆಸರನ್ನು ಅವರು ಸೂಕ್ಷ್ಮದರ್ಶಕದಡಿ ನೋಡುತ್ತಿದ್ದಾಗ ಕೆಲವು ಬ್ಯಾಕ್ಟೀರಿಯಾಗಳು ಯಾವಾಗಲೂ ನೀರಹನಿಯ ಒಂದೇ ಅಂಚಿಗೆ ಹೋಗಿ ಗುಂಪುಗೂಡುತ್ತಿದ್ದವು. ಬೆಳಕಿನ ಸೆಳೆತವೇನೋ ಅಂದುಕೊಂಡರೆ, ಸೂಕ್ಷ್ಮದರ್ಶಕವನ್ನು ತಿರುಗಿಸಿ ಇಟ್ಟರೂ, ಬೇರೆ ಕಡೆಗೆ ಒಯ್ದರೂ ಅದೇ ದಿಕ್ಕು! ಹತ್ತಿರ ಒಂದು ಅಯಸ್ಕಾಂತ ಹಿಡಿದಾಗ ಗುಟ್ಟು ಬಯಲಾಯಿತು. ಅಯಸ್ಕಾಂತವನ್ನು ತಿರುಗಿಸಿದಂತೆ ಅವೂ ತಿರುಗಿದವು.

ಕಾರಣ ಏನಪ್ಪಾ ಅಂದರೆ, ಈ ಬ್ಯಾಕ್ಟೀರಿಯಾದ ಒಳಗೇ ಅಯಸ್ಕಾಂತವಿದೆ. ನಾವು ಶಾಲೆಯಲ್ಲಿ ಸೂಜಿಗಲ್ಲು ಎಂದು ಕಲಿತ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರಿನದೇ ಹರಳುಗಳು, ಸಾಮಾನ್ಯವಾಗಿ 15-20, ಒಂದರ ಹಿಂದೆ ಒಂದು ಸಾಲಾಗಿ ನಿಂತಿರುತ್ತವೆ. ಪೊರೆ ಹೊದ್ದ ಇಂಥ ಒಂದೊಂದು ಹರಳಿಗೂ 'ಮ್ಯಾಗ್ನೆಟೋಸೋಮ್' ಎಂದು ಹೆಸರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಹರಳಿನ ಗಾತ್ರ ಹೆಚ್ಚಾಗಿ 35ರಿಂದ 120 ನ್ಯಾನೋಮೀಟರ್.

ಜಾಣತನ ಇರೋದು ಈ ಅಳತೆಯಲ್ಲೇ. ಹರಳು ಇದಕ್ಕಿಂತ ಬಹಳ ಚಿಕ್ಕದಾದರೆ, ಸಾಧಾರಣ ಶಾಖಕ್ಕೇ ಅದರ ಕಾಂತದಿಕ್ಕು ಅತ್ತಿಂದಿತ್ತ ಹೊರಳಾಡುತ್ತದೆ. ದೊಡ್ಡದಾದರೆ ಒಳಗೇ ಹಲವು ಪಾಲುಗಳಾಗಿ ಒಡೆದು, ಒಂದು ಪಾಲು ಉತ್ತರಕ್ಕೆ ಎಳೆದರೆ ಇನ್ನೊಂದು ದಕ್ಷಿಣಕ್ಕೆ ಎಳೆಯುತ್ತದೆ. ನಡುವಿನ ಈ ಗಾತ್ರದಲ್ಲಿ ಮಾತ್ರ ಇಡೀ ಹರಳು ಒಂದೇ ಗಟ್ಟಿ ಅಯಸ್ಕಾಂತ.

ಅಳತೆ ತಪ್ಪದ ಹಾಗೆ ಮಾಡುವುದು ಹೇಗೆ? ಬ್ಯಾಕ್ಟೀರಿಯಾ ತನ್ನ ಪೊರೆಯನ್ನೇ ಒಳಕ್ಕೆ ಮಡಚಿ ಪುಟ್ಟ ಚೀಲ ಮಾಡುತ್ತದೆ, ಅದಕ್ಕೆ ಕಬ್ಬಿಣ ತುಂಬುತ್ತದೆ. ಹರಳು ಆ ಚೀಲದೊಳಗೇ ಬೆಳೆಯುತ್ತದೆ. ಆದರೆ ಅಯಸ್ಕಾಂತಗಳನ್ನು ಸುಮ್ಮನೆ ಬಿಟ್ಟರೆ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವಲ್ಲ? ಅದಕ್ಕೂ ಉಪಾಯವಿದೆ. 'ಮ್ಯಾಮ್‌ಕೆ' ಎಂಬ ಪ್ರೋಟೀನು ದಾರವಾಗುತ್ತದೆ, ಕೆಲವು ಜಾತಿಗಳಲ್ಲಿ 'ಮ್ಯಾಮ್‌ಜೆ' ಎಂಬುದು ಗಂಟು ಹಾಕುತ್ತದೆ. ನಮ್ಮಲ್ಲಿ ಹೂಮಾಲೆ ಕಟ್ಟಿದ ಹಾಗೇ.

ಈ ಮಾಲೆಯಿಂದ ಅದಕ್ಕೇನು ಲಾಭ? ಈ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ತೀರ ಕಡಿಮೆ ಇರುವ ಜಾಗ ಬೇಕು. ಅದು ಸಿಗುವುದು ಸಾಮಾನ್ಯವಾಗಿ ಕೆಳಗೆ, ಕೆಸರಿನ ಬಳಿ. ಇಷ್ಟು ಚಿಕ್ಕ ಜೀವಿಗೆ ತನ್ನ ತೂಕದಿಂದ ಮೇಲೆ ಯಾವುದು, ಕೆಳಗೆ ಯಾವುದು ಎಂದು ತಿಳಿಯದು. ಆದರೆ ಉತ್ತರಾರ್ಧ ಗೋಳದಲ್ಲಿ ಭೂಮಿಯ ಕಾಂತರೇಖೆ ಉತ್ತರಕ್ಕೆ ಹೋಗುತ್ತಾ ನೆಲದೊಳಕ್ಕೆ ಬಾಗುತ್ತದೆ. ಉತ್ತರ ಹಿಡಿದು ಈಜಿದರೆ ಕೆಳಗೆ ಹೋದಂತೆಯೇ. ದಕ್ಷಿಣಾರ್ಧದಲ್ಲಿ ಇದು ತಲೆಕೆಳಗಾಗಬೇಕು ತಾನೆ? 1980ರಲ್ಲಿ ನ್ಯೂಜಿಲೆಂಡ್, ಟಾಸ್ಮೇನಿಯಾಗಳ ಕೆಸರು ನೋಡಿದಾಗ ಅಲ್ಲಿನವು ದಕ್ಷಿಣಕ್ಕೆ ಈಜುತ್ತಿದ್ದವು!

ಇನ್ನು ನಮಗೇನು ಉಪಯೋಗ? ಹರಳಿನ ಮೇಲಿನ ಪೊರೆಗೆ ಬೇಕಾದ ಪ್ರೋಟೀನನ್ನು ಅಂಟಿಸಬಹುದು. ಒಂದು ದ್ರವದಲ್ಲಿ ನಿರ್ದಿಷ್ಟ ವಸ್ತು ಇದೆಯೋ ಇಲ್ಲವೋ ಪರೀಕ್ಷಿಸಬೇಕಾದರೆ, ಅದನ್ನು ಹಿಡಿಯುವ ಪ್ರೋಟೀನು ಅಂಟಿಸಿದ ಹರಳುಗಳನ್ನು ಅದರಲ್ಲಿ ಬೆರೆಸಿ, ನಳಿಕೆಯ ಪಕ್ಕ ಅಯಸ್ಕಾಂತ ಹಿಡಿದರೆ ಸಾಕು. ಹರಳಿನೊಡನೆ ಆ ವಸ್ತುವೂ ಬದಿಗೆ ಬಂದು ನಿಲ್ಲುತ್ತದೆ. 2016ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸಿಲ್ವೇನ್ ಮಾರ್ಟೆಲ್ ಅವರ ತಂಡ ಇನ್ನೂ ಮುಂದೆ ಹೋಯಿತು. ಜೀವಂತ ಬ್ಯಾಕ್ಟೀರಿಯಾಗಳ ಮೈಗೆ, ಒಂದೊಂದಕ್ಕೂ ಸುಮಾರು 70ರಂತೆ ಔಷಧದ ಸೂಕ್ಷ್ಮ ಗುಳಿಗೆಗಳನ್ನು ಕಟ್ಟಿ, ಇಲಿಗಳ ಕ್ಯಾನ್ಸರ್ ಗಡ್ಡೆಯ ಕಡೆಗೆ ಕಾಂತಬಲದಿಂದ ಓಡಿಸಿದರು. ಗಡ್ಡೆಯ ಒಳಭಾಗದಲ್ಲಿ ಆಮ್ಲಜನಕ ಕಡಿಮೆ, ಮಾಮೂಲು ಔಷಧ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಈ ಬ್ಯಾಕ್ಟೀರಿಯಾ ಹುಡುಕುವುದೂ ಅಂಥ ಜಾಗವನ್ನೇ! ಅರ್ಧಕ್ಕಿಂತ ತುಸು ಹೆಚ್ಚಿನವು ಅಲ್ಲಿ ಒಳಹೊಕ್ಕ ದಾಖಲೆಯಿದೆ.

ಇದೆಲ್ಲ ಇಲಿಗಳಲ್ಲಿ ನಡೆದ ಪ್ರಯೋಗ, ಆಸ್ಪತ್ರೆಯ ಚಿಕಿತ್ಸೆಯಲ್ಲ. ಕಾಮರ್ಸ್‌ನವನಾಗಿ ನಾನು ಖರ್ಚಿನ ಕಡೆಯನ್ನೂ ನೋಡಬೇಕಲ್ಲ? ಆಮ್ಲಜನಕವನ್ನು ಹದವಾಗಿ ಇಳಿಸಿ ಇವನ್ನು ಸಾಕುವುದು ಕಷ್ಟ, ಇಳುವರಿ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಸದ್ಯಕ್ಕೆ ಜಮೆಗಿಂತ ಖರ್ಚೇ ಜಾಸ್ತಿ.

ಈಗ ಕೊನೆಯ ಮಾತು. ಇದನ್ನು ಮೊದಲು ಕಂಡವರು ಬ್ಲೇಕ್‌ಮೋರ್ ಅಲ್ಲ. ಇಟಲಿಯ ಪಾವಿಯಾ ವಿಶ್ವವಿದ್ಯಾಲಯದ ಸಾಲ್ವತೋರೆ ಬೆಲ್ಲಿನಿ 1963ರಲ್ಲೇ ಇಂಥ ಬ್ಯಾಕ್ಟೀರಿಯಾಗಳನ್ನು ಕಂಡು, ಒಳಗೊಂದು ಕಾಂತೀಯ ದಿಕ್ಸೂಚಿ ಇರಬೇಕೆಂದೂ ಊಹಿಸಿ ಬರೆದಿಟ್ಟಿದ್ದರು. ಬರೆದದ್ದು ಇಟಾಲಿಯನ್ ಭಾಷೆಯಲ್ಲಿ, ತಮ್ಮ ಸಂಸ್ಥೆಯ ಪ್ರಕಟಣೆಯಲ್ಲಿ. ಹೊರಗಿನವರು ಓದಲಿಲ್ಲ. ಅದು ಇಂಗ್ಲಿಷಿನಲ್ಲಿ ಅಚ್ಚಾದದ್ದು 2009ರಲ್ಲಿ, 46 ವರ್ಷಗಳ ಮೇಲೆ.

ಪರಭಾಷೆಯ ಊರಿನಲ್ಲಿ ಕೂತು ಕನ್ನಡದಲ್ಲಿ ಬರೆಯುವ ನಮಗೆ ಇದನ್ನು ಓದಿದಾಗ ಎದೆ ಚುರ್ ಅನ್ನುತ್ತದೆ. ಹಾಗಂತ ಬೆಲ್ಲಿನಿ ತಮ್ಮ ಭಾಷೆಯಲ್ಲಿ ಬರೆಯಬಾರದಿತ್ತು ಎಂದು ನಾನು ಹೇಳಲಾರೆ. ಪಕ್ಕದಲ್ಲಿ ಎರಡೂ ಭಾಷೆ ಬಲ್ಲ ಒಬ್ಬರು ಅದನ್ನು ಆಗಲೇ ದಾಟಿಸಬೇಕಿತ್ತು. ನಮ್ಮ ಸಂಘದಲ್ಲಿ ಎರಡು, ಮೂರು ಭಾಷೆ ಬಲ್ಲವರು ಬೇಕಾದಷ್ಟು ಮಂದಿ ಇದ್ದೀರಿ. ವಿಜ್ಞಾನ ಓದುವ ಗೆಳೆಯರೇ, ಅಲ್ಲಿಂದ ಇಲ್ಲಿಗೆ ತರುವುದನ್ನು ಈ ಸಲ ನಾನು ಮಾಡಿದ್ದೇನೆ. ಮುಂದಿನ ಸಂಚಿಕೆಗೆ ನೀವು ಬರೆಯಿರಿ. ಇಲ್ಲಿಂದ ಅಲ್ಲಿಗೆ ಒಯ್ಯುವ ಕೆಲಸವೂ ಬಾಕಿ ಇದೆ.